ಕಾಳಗವೂ ಜಿಜ್ಞಾಸೆಯೂ



ಕಳೆದ ತಿಂಗಳು ಓದುಗ ತಾಯಿಯೊಬ್ಬರಿಂದ ನಮಗೊಂದು ಪತ್ರ ಬಂದಿತು. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ಅವರ ಮಗ ಬಿಡುವು ದೊರೆತಾಗಲೆಲ್ಲ ‘ಮ್ಯಾಟ್ರಿಕ್ಸ್’ ಎಂಬ ಇಂಗ್ಲಿಷ್ ಚಿತ್ರಸರಣಿಯನ್ನು, ಅದರಲ್ಲಿಯೂ ಅದರ ಎರಡನೆಯ ಭಾಗವನ್ನು, ಮತ್ತೆ ಮತ್ತೆ ನೋಡುತ್ತಾನಂತೆ. ತಂದೆ ಗದರಿಸಿದರೆ, ಇದು ಬರಿಯ ಹೊಡೆದಾಟವಲ್ಲ, ಇದರಲ್ಲಿ ತತ್ತ್ವಜ್ಞಾನವಿದೆ ಎಂದು ವಾದಿಸುತ್ತಾನಂತೆ. ‘ಕಾರುಗಳು ಒಂದಕ್ಕೊಂದು ಗುದ್ದಿ ನುಚ್ಚುನೂರಾಗುವುದರಲ್ಲಿ ಎಂಥ ತತ್ತ್ವಜ್ಞಾನ? ಮಗ ನಮಗೆ ಸುಳ್ಳು ಹೇಳುತ್ತಿದ್ದಾನೆಯೆ, ಅಥವಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆಯೆ? ಇದೇ ಕಾರಣಕ್ಕೆ ಅಪ್ಪ ಮಗ ಎರಡು ವಾರಗಳಿಂದ ನೆಟ್ಟಗೆ ಮಾತನಾಡಿಲ್ಲ’ ಎಂದು ಆ ತಾಯಿ ಬರೆದಿದ್ದಾರೆ.

ಪತ್ರವನ್ನು ಓದಿ ನಮಗೆ ಮೊದಲು ನಗೆ ಬಂದಿತು. ಮರುಕ್ಷಣವೇ ಮುಖ ಸಪ್ಪಗಾಯಿತು. ಏಕೆಂದರೆ ಆ ತಂದೆಯ ಸ್ಥಾನದಲ್ಲಿ ಒಮ್ಮೆ ನಾವೇ ನಿಂತಿದ್ದೆವು. 2003ರಲ್ಲಿ ಕಾರ್ಯನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ, ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ತಂಗಿಯ ಮಗ ಒತ್ತಾಯದಿಂದ ನಮ್ಮನ್ನು ಇದೇ ಚಿತ್ರಕ್ಕೆ ಕರೆದೊಯ್ದಿದ್ದನು. ಮೊದಲ ಅರ್ಧ ಗಂಟೆ ನೋಡಿ ನಾವು ಕುರ್ಚಿಯಲ್ಲಿಯೇ ನಿದ್ರೆಗೆ ಜಾರಿದೆವು. ಲಾರಿಗಳು ಡಿಕ್ಕಿ ಹೊಡೆಯುವ ಸದ್ದಿಗೆ ಎಚ್ಚೆತ್ತು, ಮತ್ತೆ ಕಣ್ಣು ಮುಚ್ಚಿದೆವು. ಹೊರಗೆ ಬಂದ ಮೇಲೆ ಆ ಹುಡುಗ ಬಹಳ ಹೊತ್ತು ಮೌನವಾಗಿದ್ದು, ಬಸ್ಸಿನಲ್ಲಿ ಮೆಲ್ಲಗೆ ಹೇಳಿದನು: ‘ಮಾಮಾ, ನೀವು ಹೊಡೆದಾಟಕ್ಕೆ ಎಚ್ಚರಾದಿರಿ, ಮಾತಿಗೆ ಮಲಗಿದಿರಿ.’ ಅದಕ್ಕೆ ನಾವು, ‘ತತ್ತ್ವ ಬೇಕಾದರೆ ಮಠಕ್ಕೆ ಹೋಗಬೇಕಪ್ಪಾ, ಟಾಕೀಸಿಗಲ್ಲ’ ಎಂದು ದೊಡ್ಡಸ್ತಿಕೆಯಿಂದ ನುಡಿದೆವು. ಅವನು ನಕ್ಕು ಸುಮ್ಮನಾದನು. ಆಮೇಲೆ ಆ ಹುಡುಗ ತನ್ನ ಮನಸ್ಸಿನ ಮಾತನ್ನು ನಮ್ಮೆದುರು ಆಡುವುದನ್ನೇ ನಿಲ್ಲಿಸಿದನೆಂಬುದು ನಮಗೆ ತಿಳಿದದ್ದು ತಡವಾಗಿ. ಕೆಲವು ವರ್ಷಗಳ ನಂತರ ಅವನು ಒಳ್ಳೆಯ ನೌಕರಿಯೊಂದನ್ನು ಬಿಟ್ಟಾಗ ಆ ಸುದ್ದಿ ಮನೆತನದಲ್ಲಿ ಎಲ್ಲರಿಗೂ ಮುಟ್ಟಿದ ಮೇಲೆ ನಮಗೆ ಮುಟ್ಟಿತು.

ಆದುದರಿಂದ ಈ ತಾಯಿಗೆ ಉತ್ತರ ಬರೆಯುವ ಮೊದಲು ಆ ಚಿತ್ರವನ್ನು ಎರಡು ಸಲ, ನಿದ್ದೆ ಮಾಡದೆ, ಕೂತು ನೋಡಿದೆವು. ನಮ್ಮ ಮನೆಯವರೂ ಜೊತೆಗಿದ್ದರು.

ಮೊದಲ ‘ಮ್ಯಾಟ್ರಿಕ್ಸ್’ 1999ರಲ್ಲಿ ಬಂದದ್ದು. ಲಾನಾ ಮತ್ತು ಲಿಲಿ ವಚೋವ್‌ಸ್ಕಿ ಎಂಬ ಒಡಹುಟ್ಟಿದವರು ಬರೆದು ನಿರ್ದೇಶಿಸಿದ ಚಿತ್ರವದು. ಹಗಲು ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಒಬ್ಬ ತರುಣ. ರಾತ್ರಿ ನಿಯೋ ಎಂಬ ಕಳ್ಳಹೆಸರಿನಲ್ಲಿ ಕಂಪ್ಯೂಟರುಗಳ ಒಳಹೊಕ್ಕು ನೋಡುವವನು. ಅವನನ್ನು ಮಾರ್ಫಿಯಸ್ ಎಂಬಾತ ಕರೆದು, ಎರಡು ಗುಳಿಗೆಗಳನ್ನು ಮುಂದಿಟ್ಟು, ಬೇಕಾದುದನ್ನು ಆರಿಸಿಕೊ ಎನ್ನುತ್ತಾನೆ. ಕೆಂಪು ಗುಳಿಗೆ ನುಂಗಿದವನಿಗೆ ತಿಳಿಯುವುದೇನು? ತಾನು ಇದುವರೆಗೆ ಬದುಕಿದ ಊರು, ಬೀದಿ, ಕಚೇರಿ ಎಲ್ಲವೂ ಯಂತ್ರಗಳು ಮನುಷ್ಯರ ಮಿದುಳಿಗೆ ಉಣ್ಣಿಸುತ್ತಿರುವ ಕನಸು; ನಿಜವಾದ ಶರೀರಗಳು ದ್ರವ ತುಂಬಿದ ತೊಟ್ಟಿಗಳಲ್ಲಿ ಮಲಗಿವೆ, ಅವುಗಳಿಂದ ಯಂತ್ರಗಳು ಶಕ್ತಿಯನ್ನು ಹೀರುತ್ತಿವೆ. ಎಚ್ಚೆತ್ತ ಕೆಲವೇ ಜನ ಭೂಮಿಯ ಒಡಲಿನಲ್ಲಿ ಜಿಯಾನ್ ಎಂಬ ನಗರವನ್ನು ಕಟ್ಟಿಕೊಂಡಿದ್ದಾರೆ. ಗುಂಡು ಹಾರಿ ಬರುವಾಗ ಕಾಲವೇ ನಿಧಾನಿಸಿ, ಕ್ಯಾಮೆರಾ ಸುತ್ತ ತಿರುಗಿದಂತೆ ಕಾಣುವ ದೃಶ್ಯವನ್ನು ಸುಮಾರು 120 ಸ್ಥಿರ ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ ತೆಗೆದರು. ಹಾಂಗ್‌ಕಾಂಗಿನ ಯುಎನ್ ವೂ-ಪಿಂಗ್ ಕಾಳಗದ ಪಟ್ಟುಗಳನ್ನು ಕಲಿಸಿದರು. ಚಿತ್ರಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಬಂದುವು.

ಕಥೆಯನ್ನು ಇಷ್ಟು ಕೇಳಿದೊಡನೆ ನಮ್ಮವರಲ್ಲಿ ಅನೇಕರು, ‘ಓಹೋ, ಇದು ನಮ್ಮ ಮಾಯೆಯಲ್ಲವೆ! ನಮ್ಮ ಹಿರಿಯರು ಎಂದೋ ಹೇಳಿದ್ದನ್ನು ಅವರು ಈಗ ಕಂಡುಕೊಂಡರು’ ಎಂದು ಬೀಗುವುದುಂಟು. ನಾವೂ ಕೆಲಕಾಲ ಹಾಗೆಯೇ ಹೇಳುತ್ತಿದ್ದೆವು. ಈಗ ನೋಡಿದರೆ ಅದು ಅಷ್ಟು ಸಲೀಸಲ್ಲವೆನಿಸುತ್ತದೆ. ಚಿತ್ರದಲ್ಲಿನ ಮಾಯೆಗೆ ಒಬ್ಬ ತಯಾರಕನಿದ್ದಾನೆ. ಅದು ಹೊರಗಿನವರು ನಮ್ಮ ಮೇಲೆ ಹೊದಿಸಿದ ಮುಸುಕು; ಹೊದಿಸಿದವನನ್ನು ಸದೆಬಡಿದರೆ ಮುಸುಕು ಸರಿಯುತ್ತದೆ. ಶರಣರು ಮಾಯೆಯನ್ನು ಹುಡುಕಿದ್ದು ಹೊರಗಲ್ಲ, ಮನಸ್ಸಿನ ಒಳಗೆ. ಅದಕ್ಕೆ ಗುಳಿಗೆಯೂ ಇಲ್ಲ, ಗುದ್ದುವುದಕ್ಕೆ ಶತ್ರುವೂ ಇಲ್ಲ. ಈ ಭೇದವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಇಬ್ಬರಿಗೂ ಅನ್ಯಾಯ ಮಾಡಿದಂತೆ.

ಮೊದಲ ಚಿತ್ರ ಮುಗಿಯುವಾಗ ನಿಯೋ ಆ ಕನಸಿನ ಲೋಕದಲ್ಲಿ ಸರ್ವಶಕ್ತನಾಗಿದ್ದಾನೆ. ಗುಂಡುಗಳನ್ನು ಗಾಳಿಯಲ್ಲಿ ನಿಲ್ಲಿಸುತ್ತಾನೆ, ಆಕಾಶಕ್ಕೆ ಹಾರುತ್ತಾನೆ. ಎರಡನೆಯ ಭಾಗಕ್ಕೆ ತೊಡಕು ಹುಟ್ಟುವುದೇ ಅಲ್ಲಿ. ಸೋಲೆಂಬುದೇ ಇಲ್ಲದವನ ಕಥೆಯನ್ನು ಮುಂದುವರಿಸುವುದು ಹೇಗೆ? ಪ್ರೇಕ್ಷಕರಿಗಂತೂ ಮೊದಲಿಗಿಂತ ದೊಡ್ಡ ಕಾಳಗ ಬೇಕು. ಬಂಡವಾಳ ಹೂಡಿದವರಿಗೂ ಅದೇ ಬೇಕು. ಸುಮಾರು 6 ಕೋಟಿ 30 ಲಕ್ಷ ಡಾಲರು ವೆಚ್ಚದ ಮೊದಲ ಚಿತ್ರ 46 ಕೋಟಿಗೂ ಮಿಗಿಲಾಗಿ ಗಳಿಸಿತ್ತು. ಎರಡನೆಯದಾದ ‘ಮ್ಯಾಟ್ರಿಕ್ಸ್ ರೀಲೋಡೆಡ್’ಗೆ ಸುಮಾರು 15 ಕೋಟಿ ಡಾಲರು ಸುರಿದರು. 2003ರ ಮೇ ತಿಂಗಳಲ್ಲಿ ತೆರೆಕಂಡ ಅದು ಜಗತ್ತಿನಾದ್ಯಂತ 74 ಕೋಟಿಯಷ್ಟು ಗಳಿಸಿತು. ಹಣದ ಲೆಕ್ಕದಲ್ಲಿ ನಾಲ್ಕರಲ್ಲಿ ಅದೇ ದೊಡ್ಡಣ್ಣ. ಹೊಗಳಿಕೆಯ ಲೆಕ್ಕದಲ್ಲಿ ಮಾತ್ರ ಹಾಗಾಗಲಿಲ್ಲ. ಮಾತು ಹೆಚ್ಚಾಯಿತೆಂದು ಕೆಲವರು, ಹೊಡೆದಾಟ ಹೆಚ್ಚಾಯಿತೆಂದು ಕೆಲವರು ಮೂಗು ಮುರಿದರು. ಒಂದೇ ಅಡುಗೆಯನ್ನು ಉಪ್ಪು ಜಾಸ್ತಿ ಎಂದು ಒಬ್ಬರು, ಸಪ್ಪೆ ಎಂದು ಇನ್ನೊಬ್ಬರು ತಳ್ಳಿದರೆ ಅಡುಗೆಯವಳು ಏನು ಮಾಡಬೇಕು!

ಹೊಡೆದಾಟದ ಪಾಲನ್ನೇ ಮೊದಲು ತೂಗೋಣ. ಚಿತ್ರದಲ್ಲಿ ಎರಡು ಮಹಾಕಾಳಗಗಳಿವೆ. ಮೊದಲನೆಯದು ಸ್ಮಿತ್ ಎಂಬ ವೈರಿಯೊಡನೆ. ಆತ ಯಂತ್ರಲೋಕದ ಒಂದು ಪ್ರೋಗ್ರಾಮು. ಒಡೆಯರ ಹಿಡಿತದಿಂದ ಕಳಚಿಕೊಂಡು, ಮುಟ್ಟಿದವರನ್ನೆಲ್ಲ ತನ್ನ ಪ್ರತಿರೂಪವಾಗಿ ಮಾಡಿಕೊಳ್ಳುತ್ತಿದ್ದಾನೆ. ಕಾಳಗಕ್ಕೆ ಮುನ್ನ ಅವನು ಒಳ್ಳೆಯ ಮಾತೊಂದನ್ನು ಎತ್ತುತ್ತಾನೆ: ನಮ್ಮನ್ನು ಹುಟ್ಟಿಸಿದ್ದೂ, ಕಟ್ಟಿಹಾಕಿದ್ದೂ, ನಡೆಸುವುದೂ ಒಂದು ಉದ್ದೇಶ, ಆ ಉದ್ದೇಶವೇ ಕಳೆದುಹೋದವನು ಏನಾಗಬೇಕು? ನಿವೃತ್ತಿಯಾದ ಮರುದಿನ ಬೆಳಿಗ್ಗೆ ಎದ್ದು ಕುಳಿತವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಆದರೆ ಉತ್ತರಕ್ಕೆ ಕಿವಿಗೊಡುವಷ್ಟರಲ್ಲಿ ನೂರಾರು ಸ್ಮಿತ್‌ಗಳು ಮುತ್ತಿಕೊಂಡು ಗುದ್ದಾಟ ಆರಂಭವಾಗಿ ಮುಗಿಯದೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಹುಟ್ಟಿಸಿದ ನಿಯೋ, ಕಂಪ್ಯೂಟರಿನಲ್ಲಿ ಹುಟ್ಟಿಸಿದ ಸ್ಮಿತ್‌ಗಳನ್ನು ಕಂಬದಿಂದ ಬೀಸಿ ಬೀಸಿ ಚೆಲ್ಲುತ್ತಾನೆ. ಕಡೆಗೆ ಸಾಕೆನಿಸಿದಾಗ ಆಕಾಶಕ್ಕೆ ಹಾರಿಹೋಗುತ್ತಾನೆ. ಆಗ ನಮ್ಮ ಮನೆಯವರು ಕೇಳಿದರು: ‘ಹಾರುವುದೇ ಇದ್ದರೆ ಮೊದಲೇ ಹಾರಬಹುದಿತ್ತಲ್ಲ?’ ನಮ್ಮ ಬಳಿ ಉತ್ತರವಿರಲಿಲ್ಲ. ಚಿತ್ರದ ಬಳಿಯೂ ಇಲ್ಲ.

ಎರಡನೆಯದು ಹೆದ್ದಾರಿಯ ಬೆನ್ನಟ್ಟುವಿಕೆ. ಇದಕ್ಕಾಗಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ, ಹಿಂದೆ ನೌಕಾಪಡೆಯ ವಿಮಾನನೆಲೆಯಾಗಿದ್ದ ಬಯಲಿನಲ್ಲಿ, ಸುಮಾರು ಒಂದೂವರೆ ಮೈಲಿ ಉದ್ದದ ಹೆದ್ದಾರಿಯನ್ನೇ ಕಟ್ಟಿದರು; ಚಿತ್ರೀಕರಣ ಮುಗಿದ ಮೇಲೆ ಕೆಡವಿದರು. ಹದಿನಾಲ್ಕು ನಿಮಿಷಗಳ ಆಸುಪಾಸು ನಡೆಯುವ ಆ ದೃಶ್ಯದಲ್ಲಿ ಟ್ರಿನಿಟಿ ಎಂಬ ಹೆಣ್ಣುಮಗಳು ಹಿಂದೆ ಒಬ್ಬ ಮುದುಕನನ್ನು ಕೂರಿಸಿಕೊಂಡು, ಎದುರು ಬರುವ ವಾಹನಗಳ ನಡುವೆ ಮೋಟಾರ್ ಸೈಕಲ್ ಓಡಿಸುತ್ತಾಳೆ. ಬೀಗದ ಕೈಗಳನ್ನು ಮಾಡುವ ಆ ಮುದುಕ ಸತ್ತರೆ ಎಲ್ಲವೂ ಮುಗಿದಂತೆ. ಹಾರಬಲ್ಲ ನಿಯೋ ದೂರದಲ್ಲೆಲ್ಲೋ ಪರ್ವತಗಳ ನಡುವೆ ಸಿಕ್ಕಿಬಿದ್ದಿದ್ದಾನೆ. ಉಳಿದವರು ನಮ್ಮಂತೆ ಬಿದ್ದರೆ ಏಟಾಗುವವರು. ಮಾರ್ಫಿಯಸ್ ಓಡುವ ಲಾರಿಯ ನೆತ್ತಿಯ ಮೇಲೆ ನಿಂತು, ತನಗಿಂತ ಬಲಶಾಲಿಯಾದವನೊಡನೆ, ಸೋಲು ಖಚಿತವೆಂದು ತಿಳಿದೂ ಸೆಣಸುತ್ತಾನೆ. ಇಲ್ಲಿ ಪ್ರತಿಯೊಂದು ತಿರುವಿನಲ್ಲಿಯೂ ಯಾರೋ ಏನನ್ನೋ ಆರಿಸಿಕೊಳ್ಳಬೇಕು, ಆರಿಸಿಕೊಂಡದ್ದಕ್ಕೆ ಬೆಲೆ ತೆರಬೇಕು. ನಾವು 2003ರಲ್ಲಿ ಸದ್ದೆಂದು ಹೀಗಳೆದ ಈ ದೃಶ್ಯ ಈಗ ನಮಗೆ ಚಿತ್ರದ ಅತ್ಯುತ್ತಮ ಭಾಗಗಳಲ್ಲಿ ಒಂದಾಗಿ ಕಂಡಿತೆಂದು ಒಪ್ಪಿಕೊಳ್ಳಬೇಕಾಗಿದೆ. ಮೊದಲ ಕಾಳಗ ಎಷ್ಟೇ ಅದ್ಭುತವಾದರೂ ಸತ್ತಂತಿರುವುದಕ್ಕೂ, ಇದು ಜೀವಂತವಾಗಿರುವುದಕ್ಕೂ ಕಾರಣ ಇಷ್ಟೇ: ಅಲ್ಲಿ ಏನಾದರೂ ಆಗದು, ಇಲ್ಲಿ ಏನು ಬೇಕಾದರೂ ಆಗಬಹುದು.

ಇನ್ನು ಮಾತಿನ ಪಾಲು. ನಮ್ಮಲ್ಲಿ ಆಟ ನೋಡಿ ಬೆಳೆದವರಿಗೆ ಈ ತಕರಾರು ಹೊಸದಲ್ಲ. ದೊಡ್ಡಾಟದಲ್ಲಿ ರಾಕ್ಷಸನ ಪ್ರವೇಶಕ್ಕೆ ಕಣ್ಣರಳಿಸಿ, ಮಾತು ಬಂದಾಗ ಕಂಬಳಿ ಹೊದ್ದು ಮಲಗುವವರು ಇದ್ದೇ ಇದ್ದರು. ಕರಾವಳಿಯ ತಾಳಮದ್ದಳೆಯಲ್ಲಾದರೋ ವೇಷವಿಲ್ಲ, ಕುಣಿತವಿಲ್ಲ. ಕೃಷ್ಣನೂ ಕರ್ಣನೂ ಎದುರುಬದುರು ಕುಳಿತು ಮಾತಿನಲ್ಲಿಯೇ ಯುದ್ಧ ಹೂಡುತ್ತಾರೆ, ಜನ ಬೆಳಗಿನವರೆಗೂ ಕದಲುವುದಿಲ್ಲ. ಒಳ್ಳೆಯ ಅರ್ಥಧಾರಿ ಗಹನವಾದ ಧರ್ಮಸೂಕ್ಷ್ಮವನ್ನೂ ಹೊಲದಿಂದ ಬಂದ ರೈತನಿಗೆ ಮುಟ್ಟುವಂತೆ ಬಿಡಿಸಿಡುತ್ತಾನೆ. ಮಾತು ಹೆಚ್ಚಾಯಿತೆಂಬ ದೂರು ಹುಟ್ಟುವುದು ಮಾತು ಮುಟ್ಟದೆ ಹೋದಾಗ ಮಾತ್ರ.

ಈ ಚಿತ್ರದಲ್ಲಿ ಮುಟ್ಟುವ ಮಾತೂ ಇದೆ, ಮುಟ್ಟದ ಮಾತೂ ಇದೆ. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು, ಬಹಳ ಜನ ಗಮನಿಸದ ಒಂದು ಸಣ್ಣ ದೃಶ್ಯ. ರಾತ್ರಿ ನಿದ್ದೆ ಬಾರದೆ ನಿಂತ ನಿಯೋನನ್ನು ಹಮಾನ್ ಎಂಬ ವೃದ್ಧ ಸಭಾಸದನು ಜಿಯಾನ್ ನಗರದ ತಳಭಾಗಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ನೀರನ್ನು ಶುದ್ಧಗೊಳಿಸುವ ಭಾರಿ ಯಂತ್ರಗಳು ದುಡಿಯುತ್ತಿವೆ. ಮೇಲಿನ ಜನಕ್ಕೆ ಯಂತ್ರ ಹೀಗೆ ಕೆಲಸಮಾಡುತ್ತದೆಂಬ ಅರಿವೂ ಇಲ್ಲ, ಅದು ನಡೆಯುವವರೆಗೆ ಚಿಂತೆಯೂ ಇಲ್ಲ. ಒಂದು ಯಂತ್ರಕುಲ ನಮ್ಮನ್ನು ಕೊಲ್ಲಲು ಬರುತ್ತಿದೆ, ಇನ್ನೊಂದು ನಮ್ಮನ್ನು ಬದುಕಿಸುತ್ತಿದೆ ಎನ್ನುತ್ತಾನೆ ವೃದ್ಧ. ಇವನ್ನು ನಾವು ಬೇಕಾದಾಗ ನಿಲ್ಲಿಸಬಹುದು, ಆದುದರಿಂದ ಹಿಡಿತ ನಮ್ಮದು ಎಂದು ನಿಯೋ ಹೇಳಿದರೆ, ಹೌದು, ನಿಲ್ಲಿಸಬಹುದು, ಆದರೆ ಬೆಳಕಿಗೆ, ಬಿಸಿಗೆ, ಗಾಳಿಗೆ ಏನು ಮಾಡುವುದೆಂದು ಯೋಚಿಸಬೇಕಾದೀತು ಎಂದು ನಗುತ್ತಾನೆ. ಯಂತ್ರ ಹೇಗೆ ನಡೆಯುತ್ತದೆಂದು ತನಗೆ ತಿಳಿಯದು, ಏಕೆ ನಡೆಯಬೇಕೆಂದು ಮಾತ್ರ ತಿಳಿದಿದೆಯೆಂದು ಒಪ್ಪಿಕೊಳ್ಳುತ್ತಾನೆ. ಒಂದು ಗುದ್ದೂ ಇಲ್ಲದ, ಒಂದು ಕಠಿಣ ಪದವೂ ಇಲ್ಲದ ದೃಶ್ಯ. ಕರೆಂಟು ಹೋದ ಅರ್ಧ ಗಂಟೆಯಲ್ಲಿ ನಮ್ಮ ಮನೆಗಳ ಸ್ಥಿತಿಯನ್ನು ನೆನೆದರೆ ಸಾಕು, ಅರ್ಥವಾಗುತ್ತದೆ.

ಭವಿಷ್ಯ ಬಲ್ಲ ಅಜ್ಜಿಯೊಬ್ಬಳು ಪಾರ್ಕಿನ ಬೆಂಚಿನಂಥ ಆಸನದಲ್ಲಿ ಕುಳಿತು ಹಕ್ಕಿಗಳಿಗೆ ಕಾಳು ಹಾಕುತ್ತ ಮಾತನಾಡುವ ದೃಶ್ಯವೂ ಹೀಗೆಯೇ. ಅವಳು ಮಿಠಾಯಿ ನೀಡುತ್ತಾಳೆ. ನಾನು ತೆಗೆದುಕೊಳ್ಳುವೆನೋ ಇಲ್ಲವೋ ನಿನಗೆ ಮೊದಲೇ ಗೊತ್ತಿದ್ದರೆ, ಆಯ್ಕೆ ನನ್ನದು ಹೇಗಾದೀತು ಎಂದು ನಿಯೋ ಕೇಳುತ್ತಾನೆ. ಆಯ್ಕೆಯನ್ನು ನೀನಾಗಲೇ ಮಾಡಿರುವೆ, ಏಕೆ ಮಾಡಿದೆಯೆಂದು ತಿಳಿಯಲು ಬಂದಿರುವೆ ಎಂಬುದು ಅಜ್ಜಿಯ ಉತ್ತರ. ವಿಧಿ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂಬ ನಮ್ಮ ಕಟ್ಟೆಯ ಮೇಲಿನ ಹಳೆಯ ಚರ್ಚೆಗೆ ಇದೊಂದು ಹೊಸ ಮೂಲೆ. ಆ ಅಜ್ಜಿಯ ಪಾತ್ರ ವಹಿಸಿದ ಗ್ಲೋರಿಯಾ ಫಾಸ್ಟರ್ 2001ರಲ್ಲಿ, ಮೂರನೆಯ ಭಾಗದ ತಮ್ಮ ಕೆಲಸ ಮುಗಿಯುವ ಮೊದಲೇ, ತೀರಿಕೊಂಡರು. ಮೂರನೆಯದರಲ್ಲಿ ಮೇರಿ ಆಲಿಸ್ ಆ ಪಾತ್ರ ವಹಿಸಿದರು. ಅಜ್ಜಿ ಶರೀರ ಬದಲಿಸಿದಳೆಂದು ಕಥೆಯಲ್ಲಿಯೇ ಹೊಂದಿಸಿದರು.

ಇನ್ನು ಮುಟ್ಟದ ಮಾತು. ಚಿತ್ರದ ಕೊನೆಗೆ ನಿಯೋ ಟಿ.ವಿ. ಪರದೆಗಳು ತುಂಬಿದ ಕೋಣೆಯಲ್ಲಿ ಬಿಳಿಗಡ್ಡದ ಶಿಲ್ಪಿಯನ್ನು, ಅಂದರೆ ಆ ಕನಸಿನ ಲೋಕವನ್ನು ನಿರ್ಮಿಸಿದವನನ್ನು, ಎದುರಿಸುತ್ತಾನೆ. ಇಡೀ ಕಥೆಯ ಕೀಲಿಕೈ ಇರುವುದು ಇಲ್ಲಿ. ಆದರೆ ಶಿಲ್ಪಿಯ ಭಾಷೆಯೋ, ಲ್ಯಾಟಿನ್ ಬೆರೆತ ಕಬ್ಬಿಣದ ಕಡಲೆ. ಆ ವರ್ಷವೇ ಅಮೆರಿಕದ ಒಂದು ಪ್ರಶಸ್ತಿ ಸಮಾರಂಭದಲ್ಲಿ ಹಾಸ್ಯನಟರು ಅವನನ್ನು ಅಣಕಿಸಿ ಸಭೆಯನ್ನು ನಗಿಸಿದರು. ನಾವು ಎರಡನೆಯ ಸಲ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕಾಯಿತು. ಆ ಅರ್ಥಧಾರಿ ಜನರನ್ನು ಮರೆತನೆಂದೇ ನಮ್ಮ ಅಭಿಪ್ರಾಯ.

ಆದರೆ ಅವನು ಹೇಳುವ ವಿಷಯ ಹಗುರವಾದದ್ದಲ್ಲ. ಮೊದಲು ಕಟ್ಟಿದ ಕನಸಿನ ಲೋಕ ಸ್ವರ್ಗದಂತಿತ್ತು. ಮನುಷ್ಯರು ಅದನ್ನು ಒಪ್ಪಲಿಲ್ಲ. ಎರಡನೆಯದರಲ್ಲಿ ಮನುಷ್ಯ ಇತಿಹಾಸದ ಕ್ರೌರ್ಯವನ್ನೇ ತುಂಬಿದರು, ಅದೂ ಬಿದ್ದುಹೋಯಿತು. ಕಡೆಗೆ ಕಂಡುಕೊಂಡ ಉಪಾಯವೆಂದರೆ, ಒಂದು ಆಯ್ಕೆಯನ್ನು ಕೊಡುವುದು, ಅರೆಪ್ರಜ್ಞೆಯಲ್ಲಾದರೂ ಸರಿ. ಆಯ್ಕೆಯೊಂದು ಇದೆಯೆಂದಾದರೆ ನೂರಕ್ಕೆ ತೊಂಬತ್ತೊಂಬತ್ತರಷ್ಟು ಜನ ಬಂಧನವನ್ನು ಒಪ್ಪಿಕೊಂಡುಬಿಡುತ್ತಾರೆ. ಒಪ್ಪದ ಕೆಲವರಿಗಾಗಿ ಜಿಯಾನ್ ಇದೆ, ಒಬ್ಬ ಉದ್ಧಾರಕನ ಭವಿಷ್ಯವಾಣಿ ಇದೆ. ಅವೂ ವ್ಯವಸ್ಥೆಯ ಭಾಗವೇ. ಜಿಯಾನ್ ಈ ಮೊದಲು ಐದು ಸಲ ನಾಶವಾಗಿದೆ. ನಿಯೋ ಆರನೆಯ ಉದ್ಧಾರಕ. ಹದಿನಾರು ಹೆಂಗಸರು, ಏಳು ಗಂಡಸರು, ಒಟ್ಟು 23 ಜನರನ್ನು ಆರಿಸಿಕೊಂಡು ಮತ್ತೆ ನಗರ ಕಟ್ಟುವುದು ಅವನ ಪಾಲಿನ ಕೆಲಸ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೊದಲ ಚಿತ್ರದಲ್ಲಿ ನಾವು ಚಪ್ಪಾಳೆ ತಟ್ಟಿದ ಬಿಡುಗಡೆಯೇ ಸರಪಳಿಯ ಇನ್ನೊಂದು ಕೊಂಡಿ ಎಂದು ಎರಡನೆಯ ಚಿತ್ರ ಹೇಳುತ್ತಿದೆ. ಗಲ್ಲಾಪೆಟ್ಟಿಗೆಯನ್ನು ನಂಬಿ ಮಾಡಿದ ಚಿತ್ರವೊಂದು ತನ್ನದೇ ನಾಯಕನ ಕಿರೀಟವನ್ನು ಹೀಗೆ ಕಿತ್ತುಹಾಕುವುದು ಸಾಮಾನ್ಯ ಧೈರ್ಯವಲ್ಲ. ಭಕ್ತರಾದ ನಮಗೂ ಇದು ಒಳಗೆಲ್ಲೋ ಚುಚ್ಚುತ್ತದೆ. ಯಾರೋ ಬಂದು ಉದ್ಧರಿಸುತ್ತಾರೆಂಬ ನಿರೀಕ್ಷೆ ಮನುಷ್ಯನನ್ನು ಎಬ್ಬಿಸುವುದೂ ಉಂಟು, ಮಲಗಿಸಿ ಇಡುವುದೂ ಉಂಟು. ಎರಡರಲ್ಲಿ ನಮ್ಮದು ಯಾವುದೆಂದು ಕೇಳಿಕೊಳ್ಳುವುದು ಹಿತವಾದ ಕೆಲಸವಲ್ಲ.

ಶಿಲ್ಪಿ ಎರಡು ಬಾಗಿಲುಗಳನ್ನು ತೋರಿಸುತ್ತಾನೆ. ಬಲಗಡೆಯದರಲ್ಲಿ ಹೋದರೆ ಹಳೆಯ ಚಕ್ರದಂತೆ ಮನುಷ್ಯಕುಲ ಉಳಿಯುತ್ತದೆ. ಎಡಗಡೆಯದು ಟ್ರಿನಿಟಿಯ ಬಳಿಗೆ. ಆಕೆ ಆಗಲೇ ಎತ್ತರದ ಕಟ್ಟಡದಿಂದ ಬೀಳುತ್ತಿದ್ದಾಳೆ. ಅಲ್ಲಿಗೆ ಹೋದರೆ ಎಲ್ಲರೂ ಅಳಿಯಬಹುದು. ಹಿಂದಿನ ಐವರು ಬಲಬಾಗಿಲನ್ನು ತೆರೆದರು. ಅವರಿಗೆ ಮನುಷ್ಯಕುಲದ ಮೇಲೆ ಪ್ರೀತಿಯಿತ್ತು, ಒಬ್ಬಳ ಮೇಲೆ ಇರಲಿಲ್ಲ. ನಿಯೋ ಎಡಬಾಗಿಲನ್ನು ತೆರೆಯುತ್ತಾನೆ.

‘ಸರಿಯಾಗಿಯೇ ಮಾಡಿದ’ ಎಂದರು ನಮ್ಮ ಮನೆಯವರು. ಲೋಕವೇ ಮುಳುಗಲಿ, ತನ್ನವಳು ಉಳಿಯಲಿ ಎನ್ನುವುದು ಸ್ವಾರ್ಥವಲ್ಲವೆ ಎಂದು ನಾವು ಆಕ್ಷೇಪಿಸಿದೆವು. ‘ಕಣ್ಣೆದುರು ಬೀಳುತ್ತಿರುವವಳನ್ನು ಬಿಟ್ಟು ನಡೆದವನು ಕಾಣದ ಲೋಕವನ್ನು ಯಾವ ಮುಖದಿಂದ ಕಾಯುತ್ತಾನೆ?’ ಎಂದರು. ಜಿಯಾನಿನಲ್ಲಿಯೂ ಯಾರಿಗೋ ಬೇಕಾದವರು ಇರುವುದಿಲ್ಲವೆ ಎಂದೆವು. ‘ಅವರನ್ನು ಅವರ ಮನೆಯವರು ಹಿಡಿದುಕೊಳ್ಳಲಿ’ ಎಂದು ಹೇಳಿ ಅಡುಗೆಮನೆಗೆ ಹೋದರು. ಆಮೇಲೆ ಯೋಚಿಸಿದಾಗ ನಮಗೂ ಒಂದು ಹೊಳೆಯಿತು. ಬಲಬಾಗಿಲಿನ ಹಿಂದೆ ಇದ್ದದ್ದು ಜಿಯಾನಿನ ರಕ್ಷಣೆಯೇ ಅಲ್ಲ. ಅಲ್ಲಿನ ಜನ ಹೇಗೂ ಸಾಯುವವರೇ; ಉಳಿಯುವುದು 23 ಜನರಿಂದ ಮತ್ತೆ ಮೊದಲಾಗುವ ಅದೇ ಆಟ. ಇತ್ತ ಗೊತ್ತಿರುವ ಕೇಡು, ಅತ್ತ ಗೊತ್ತಿಲ್ಲದ ಅಪಾಯ. ನಿಯೋ ಗೊತ್ತಿಲ್ಲದುದನ್ನು ಆರಿಸಿಕೊಂಡನು. ಅನಂತರ ಅವನು ಹಾರಿ ಬಂದು ಬೀಳುತ್ತಿರುವವಳನ್ನು ಹಿಡಿಯುವ ದೃಶ್ಯ ಬರಿಯ ಚಮತ್ಕಾರವಾಗಿ ಉಳಿಯುವುದಿಲ್ಲ. ನೂರು ಸ್ಮಿತ್‌ಗಳ ಕಾಳಗಕ್ಕೆ ಇಲ್ಲದ ಭಾರ ಈ ಒಂದು ಹಾರಾಟಕ್ಕಿದೆ. ಆ ಭಾರವನ್ನು ಕೊಟ್ಟದ್ದು ಅದಕ್ಕೆ ಮೊದಲು ಬಂದ ಮಾತು.

ಪಂಡಿತರೂ ಈ ಚಿತ್ರದ ಬಗೆಗೆ ಒಮ್ಮತಕ್ಕೆ ಬಂದವರಲ್ಲ. ಮೊದಲ ಚಿತ್ರದಲ್ಲಿ ನಿಯೋ ಕಳ್ಳಸಾಮಾನನ್ನು ಬಚ್ಚಿಡುವ ಟೊಳ್ಳು ಪುಸ್ತಕ ಫ್ರೆಂಚ್ ಚಿಂತಕ ಜಾನ್ ಬೋದ್ರಿಲಾರ್ ಅವರದು. ಆ ಗೌರವದಿಂದ ಅವರು ಹಿಗ್ಗಲಿಲ್ಲ. 2003ರ ಸಂದರ್ಶನವೊಂದರಲ್ಲಿ, ತಾವು ಹೇಳಿದ್ದನ್ನು ಇವರು ಪ್ಲೇಟೋನ ಹಳೆಯ ಭ್ರಮೆಯ ಪ್ರಶ್ನೆಯೊಡನೆ ಬೆರೆಸಿ ಕಲಸಿಬಿಟ್ಟಿದ್ದಾರೆಂದೂ, ಮ್ಯಾಟ್ರಿಕ್ಸೇ ತನ್ನ ಬಗೆಗೆ ಚಿತ್ರ ಮಾಡಿದ್ದರೆ ಹೀಗೆಯೇ ಮಾಡುತ್ತಿತ್ತೆಂದೂ ಚುಚ್ಚಿದರು. ಅತ್ತ ಅಮೆರಿಕದ ತತ್ತ್ವಜ್ಞಾನಿ ಕಾರ್ನೆಲ್ ವೆಸ್ಟ್ ಅವರಾದರೋ ಚಿತ್ರದಲ್ಲಿ ಸಭಾಸದನ ಪುಟ್ಟ ಪಾತ್ರವನ್ನೇ ವಹಿಸಿದರು. 2004ರಲ್ಲಿ ಮೂರೂ ಚಿತ್ರಗಳ ಡಿ.ವಿ.ಡಿ. ಸಂಪುಟ ಹೊರಬಂದಾಗ, ವೆಸ್ಟ್ ಮತ್ತು ಕೆನ್ ವಿಲ್ಬರ್ ಎಂಬ ಇಬ್ಬರು ಮೆಚ್ಚಿದ ಚಿಂತಕರ ವ್ಯಾಖ್ಯಾನವನ್ನೂ, ಮೆಚ್ಚದ ಮೂವರು ವಿಮರ್ಶಕರ ವ್ಯಾಖ್ಯಾನವನ್ನೂ ಒಟ್ಟೊಟ್ಟಿಗೆ ಅಡಕಮಾಡಿದ್ದರು. ಬೈಗುಳವನ್ನೂ ಸೇರಿಸಿ ಮಾರಿದ ಈ ಔದಾರ್ಯ ನಮಗೆ ಮೆಚ್ಚುಗೆಯಾಯಿತು. ನಮ್ಮಲ್ಲಿ ಅಭಿನಂದನ ಗ್ರಂಥ ತರುವವರು ಯೋಚಿಸಬಹುದು!

ಮೂರನೆಯ ಭಾಗ ಅದೇ ವರ್ಷ ನವೆಂಬರಿನಲ್ಲಿ ಬಂದಿತು. ಗಳಿಕೆ ಸುಮಾರು 42 ಕೋಟಿ ಡಾಲರಿಗೆ ಇಳಿಯಿತು. ಅದರಲ್ಲಿ ರಾಮ-ಕಂದ್ರ, ಕಮಲಾ, ಅವರ ಮಗಳು ಸತಿ ಎಂಬ ಭಾರತೀಯ ರೂಪದ ಕುಟುಂಬವೊಂದಿದೆ. ಮೂವರೂ ಮನುಷ್ಯರಲ್ಲ, ಪ್ರೋಗ್ರಾಮುಗಳು. ಉದ್ದೇಶವಿಲ್ಲದೆ ಹುಟ್ಟಿದ ಮಗಳನ್ನು ವ್ಯವಸ್ಥೆ ಅಳಿಸಿಹಾಕದಂತೆ ಕಾಪಾಡಲು ತಂದೆತಾಯಿ ಒದ್ದಾಡುತ್ತಿದ್ದಾರೆ. ಕರ್ಮವೆಂದರೆ ತಾನು ಇಲ್ಲಿ ಮಾಡಲು ಬಂದ ಕೆಲಸ ಎಂದು ಆ ತಂದೆ ಬಿಡಿಸಿ ಹೇಳುವಾಗ ಕಾಯಕವೆಂಬ ಪದ ನಮ್ಮ ನಾಲಗೆಯ ತುದಿಗೆ ಬಂದಿತು. ಚಿತ್ರ ಮುಗಿದು ಹೆಸರುಗಳು ಬರುವಾಗ ಕೇಳಿಬರುವುದು ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆ. 2021ರಲ್ಲಿ ಲಾನಾ ಒಬ್ಬರೇ ನಿರ್ದೇಶಿಸಿದ ನಾಲ್ಕನೆಯ ಭಾಗದಲ್ಲಿ, ಈ ಕಥೆಯ ಜೀವಾಳ ಗುಂಡಿನ ಚಮತ್ಕಾರವೋ ತತ್ತ್ವವೋ ಎಂದು ಕಂಪನಿಯೊಂದರ ನೌಕರರು ಸಭೆ ಕೂಡಿ ಚರ್ಚಿಸುವ ಹಾಸ್ಯವೂ ಇದೆ. ಅಂದಮೇಲೆ ನಮ್ಮ ತಾಯಿಯವರ ಪ್ರಶ್ನೆ ಅದನ್ನು ಮಾಡಿದವರನ್ನೂ ಬಿಟ್ಟಿಲ್ಲ.

ಈಗ ಆ ತಾಯಿಗೆ. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಚಿತ್ರದಲ್ಲಿ ನಿಜವಾಗಿಯೂ ವಿಚಾರವಿದೆ. ಹಾಗೆಯೇ ಬೇಡದ ಗುದ್ದಾಟವೂ ಬೇಕಾದಷ್ಟಿದೆ. ಅಮೆರಿಕದಲ್ಲಿ ಇದಕ್ಕೆ, ಹದಿನೇಳು ತುಂಬದವರು ಹಿರಿಯರಿಲ್ಲದೆ ಬರಬಾರದೆಂಬ ಪ್ರಮಾಣಪತ್ರ ಕೊಟ್ಟಿದ್ದರು. ಹಿಂಸೆಯ ಜೊತೆಗೆ, ಜಿಯಾನಿನ ಗುಹೆಯ ಕುಣಿತವೂ ಅದರ ನಡುವಿನ ಪ್ರಣಯದೃಶ್ಯವೂ ಚಿಕ್ಕ ಮಕ್ಕಳಿರುವ ಮನೆಗೆ ಹೇಳಿಸಿದ್ದಲ್ಲ. ಕಥೆಗೂ ಅಷ್ಟು ಉದ್ದಕ್ಕೆ ಬೇಕಾಗಿರಲಿಲ್ಲ. ನಿಮ್ಮ ಮಗನ ತಮ್ಮ ತಂಗಿಯರು ಇದ್ದರೆ ಅವರನ್ನು ದೂರವಿಡಿ. ಯಜಮಾನರಿಗೆ ಮಾತ್ರ ಒಂದು ರಾತ್ರಿ ಮಗನ ಪಕ್ಕದಲ್ಲಿ ಕೂರಲು ಹೇಳಿ. ನೀರಿನ ಯಂತ್ರದ ದೃಶ್ಯ, ಅಜ್ಜಿಯ ದೃಶ್ಯ, ಎರಡು ಬಾಗಿಲುಗಳ ದೃಶ್ಯ, ಈ ಮೂರನ್ನು ನೋಡಿದರೂ ಸಾಕು. ಶಿಲ್ಪಿಯ ಮಾತು ಅರ್ಥವಾಗದಿದ್ದರೆ ಮಗನನ್ನೇ ಕೇಳಲಿ. ಅವನಿಗೂ ಪೂರ್ತಿ ಅರ್ಥವಾಗಿರಲಾರದು. ಇಬ್ಬರೂ ಸೇರಿ ಹೆಣಗಾಡಲಿ.

ಈ ಲೇಖನವನ್ನು ಮುಗಿಸುವ ಮುನ್ನ ಸೋದರಳಿಯನಿಗೆ ದೂರವಾಣಿ ಮಾಡಿದೆವು. ಅವನೀಗ ನಲವತ್ತು ದಾಟಿದ ಗೃಹಸ್ಥ. ಆ ಚಿತ್ರವನ್ನು ಎರಡು ಸಲ ನೋಡಿದೆವೆಂದಾಗ ಮೊದಲು ನಂಬಲಿಲ್ಲ. ‘ಎಚ್ಚರವಾಗಿದ್ದಿರಾ, ಮಾಮಾ?’ ಎಂದು ನಕ್ಕನು. ಅತ್ತೆಯ ತೀರ್ಪನ್ನು ಹೇಳಿದಾಗ ಇನ್ನೂ ನಕ್ಕನು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಆ ನೌಕರಿಯನ್ನು ಏಕೆ ಬಿಟ್ಟೆನೆಂಬುದನ್ನು ಹೇಳಲು ಆರಂಭಿಸಿದನು. ಮಾತು ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು.